ಮುಖಕ್ಕೆ ಅಡ್ಡ ಹಿಡಿದ ಕೈ

ಸಿ.ಎಸ್.ಎಂ.ಟಿ.ಯಲ್ಲಿ ಇಳಿದು ಕ್ರಾಫರ್ಡ್ ಮಾರ್ಕೆಟಿನತ್ತ ನಡೆದರೆ ದಾರಿಯಲ್ಲೇ ಜೆ.ಜೆ. ಕಲಾಶಾಲೆ ಸಿಗುತ್ತದೆ. ಅದರ ಆವರಣದಲ್ಲಿ ಒಂದು ಹಳೇ ಬಂಗಲೆ ಇದೆ. ರಡ್ಯರ್ಡ್ ಕಿಪ್ಲಿಂಗ್ ಹುಟ್ಟಿದ್ದು ಇಲ್ಲಿಯೇ ಎಂದು ತಿಳಿಸುವ ಫಲಕ ಅಲ್ಲಿದೆ. ನಿಜ ಹೇಳಬೇಕೆಂದರೆ ಈಗಿರುವ ಬಂಗಲೆ ಆಮೇಲೆ ಕಟ್ಟಿದ್ದು. ಅವನು ಹುಟ್ಟಿದ ಮನೆ ಎಂದೋ ಹೋಯಿತು. ಆದರೆ ಜಾಗ ಅದೇ. 1865ನೇ ಇಸವಿ ಡಿಸೆಂಬರ್ 30ರಂದು, ಕಲಾಶಾಲೆಯಲ್ಲಿ ಶಿಲ್ಪ ಕಲಿಸುತ್ತಿದ್ದ ಲಾಕ್‌ವುಡ್ ಕಿಪ್ಲಿಂಗನಿಗೂ ಅವನ ಹೆಂಡತಿ ಆಲಿಸಳಿಗೂ ಈ ಮಗ ಹುಟ್ಟಿದ. ಕ್ರಾಫರ್ಡ್ ಮಾರ್ಕೆಟಿನ ಬಾಗಿಲ ಮೇಲೆ ಕಲ್ಲಿನಲ್ಲಿ ಕೆತ್ತಿದ ಉಬ್ಬುಚಿತ್ರಗಳಿವೆಯಲ್ಲ, ಅವು ಈ ತಂದೆಯ ಕೈಯವೇ. ಬಾಳೆಹಣ್ಣು ಕೊಳ್ಳುವ ಅವಸರದಲ್ಲಿ ನಾವು ಯಾರೂ ತಲೆ ಎತ್ತಿ ನೋಡುವುದಿಲ್ಲ, ಅಷ್ಟೆ.

ಕಿಪ್ಲಿಂಗ್ ಎಂದರೆ ನಮಗೆ ಎರಡು ಸಂಗತಿ ನೆನಪಾಗುತ್ತವೆ. ಒಂದು, ಮೌಗ್ಲಿಯ ಕತೆ. ಇನ್ನೊಂದು, ಬಿಳಿಯರು ಹೊರಬೇಕಾದ ಹೊರೆಯ ಬಗ್ಗೆ 1899ರಲ್ಲಿ ಅವನು ಬರೆದ ಆ ಪದ್ಯ. ಮಕ್ಕಳ ಮನಸ್ಸನ್ನು ಅಷ್ಟು ಬಲ್ಲವನು, ಇಡೀ ಒಂದು ಜನಾಂಗ ತನ್ನ ಮಾತನ್ನು ತಾನೇ ಆಡಹೊರಟಾಗ ಕಿವಿ ಮುಚ್ಚಿಕೊಂಡದ್ದು ಹೇಗೆ? ಕ್ಲಾಸಿನಲ್ಲಿ ಇದಕ್ಕೆ ಸಾಮ್ರಾಜ್ಯಶಾಹಿ ಎಂಬ ಒಂದೇ ಉತ್ತರ ಸಿಗುತ್ತದೆ. ಉತ್ತರ ಸುಳ್ಳಲ್ಲ. ಆದರೆ ಅದರ ಹಿಂದೆ ಇಂಗ್ಲೆಂಡಿನ ಕಡಲತಡಿಯ ಒಂದು ಮನೆಯೂ ಇದೆ. ಆ ಮನೆಯ ಕತೆ ಹೇಳುವುದೇ ಈ ಲೇಖನದ ಉದ್ದೇಶ.

ಮೊದಲ ಆರು ವರ್ಷ ಹುಡುಗ ಮುಂಬಯಿಯಲ್ಲಿ ರಾಜನ ಹಾಗೆ ಬೆಳೆದ. ನೋಡಿಕೊಳ್ಳಲು ಗೋವೆಯ ಕಿರಿಸ್ತಾನಿ ಆಯಾ, ಜೊತೆಗೆ ಮೀತಾ ಎಂಬ ಹಿಂದೂ ಆಳು. ಆಯಾ ಅವನನ್ನು ದಾರಿಬದಿಯ ಶಿಲುಬೆಯ ಹತ್ತಿರ ಕರೆದುಕೊಂಡು ಹೋಗುತ್ತಿದ್ದಳು; ಮೀತಾ ಕೈ ಹಿಡಿದು ಗುಡಿಗಳಿಗೆ ಕರೆದೊಯ್ಯುತ್ತಿದ್ದ. ಮಧ್ಯಾಹ್ನ ಮಲಗುವ ಮುಂಚೆ ಅವರಿಬ್ಬರೂ ಕತೆ ಹೇಳಬೇಕು, ಹಾಡು ಹಾಡಬೇಕು. ಹುಡುಗ ಕನಸು ಕಾಣುತ್ತಿದ್ದುದು ಹಿಂದುಸ್ತಾನಿಯಲ್ಲಿ. ಅಪ್ಪ ಅಮ್ಮನ ಎದುರಿಗೆ ಹೋಗುವಾಗ ಮಾತ್ರ ಇಂಗ್ಲಿಷ್ ಮಾತಾಡು ಅಂತ ನೆನಪಿಸಿ ಕಳಿಸುತ್ತಿದ್ದರಂತೆ. ಮನೆಯಲ್ಲೊಂದು ಭಾಷೆ, ಹೊರಗೊಂದು ಭಾಷೆ ಎಂಬುದು ಮುಂಬಯಿಯ ನಮ್ಮಂಥವರಿಗೆ ಬಿಡಿಸಿ ಹೇಳಬೇಕಾದ್ದಲ್ಲ. ಹುಡುಗ ಹಟಮಾರಿ, ಗಲಾಟೆಯವ. 1868ರಲ್ಲಿ ತಾಯಿ ಎರಡನೆಯ ಹೆರಿಗೆಗೆ ಇಂಗ್ಲೆಂಡಿಗೆ ಹೋದಾಗ ಜೊತೆಗೆ ಹೋಗಿದ್ದ ಅವನು ಅಜ್ಜಿಯ ಮನೆಯಲ್ಲಿ ಎಷ್ಟು ರಂಪ ಮಾಡಿದನೆಂದರೆ, ಅವನು ಹೊರಟಾಗ ನಂಟರೆಲ್ಲ ಉಸ್ಸೆಂದರು. ಇದು ಮುಂದೆ ಅವನಿಗೆ ತುಂಬಾ ದುಬಾರಿಯಾಯಿತು.

ಆ ಕಾಲದ ಇಂಗ್ಲಿಷರಲ್ಲಿ ಮಕ್ಕಳನ್ನು ಐದಾರು ವರ್ಷಕ್ಕೆ ತಾಯ್ನಾಡಿಗೆ ಕಳಿಸುವ ವಾಡಿಕೆಯಿತ್ತು. ಇಲ್ಲಿಯ ಹವೆ, ಜ್ವರ, ಸಾವುಗಳ ಭಯ ಒಂದು. ಆಳುಗಳ ಸಹವಾಸದಲ್ಲಿ ಮಕ್ಕಳು ಕೆಟ್ಟಾರೆಂಬ ಭಯ ಇನ್ನೊಂದು. ಕಿಪ್ಲಿಂಗ್ ದಂಪತಿಗಳ ಮೂರನೆಯ ಮಗು ಹುಟ್ಟಿದಷ್ಟಕ್ಕೇ ತೀರಿಕೊಂಡಿತ್ತು. 1871ರಲ್ಲಿ ಇಡೀ ಸಂಸಾರ ಹಡಗು ಹತ್ತಿತು. ಆಲಿಸಳ ಅಕ್ಕತಂಗಿಯರು ಒಳ್ಳೇ ಸ್ಥಿತಿಯಲ್ಲಿದ್ದರು, ಆದರೆ ರಂಪದ ಹುಡುಗನನ್ನು ಯಾರ ಮೇಲೂ ಹೇರಲು ಆಕೆಗೆ ಮನಸ್ಸಾಗಲಿಲ್ಲ. ಪೇಪರಿನ ಜಾಹೀರಾತು ನೋಡಿ, ಪೋರ್ಟ್ಸ್‌ಮತ್ ಹತ್ತಿರದ ಸೌತ್‌ಸೀ ಎಂಬಲ್ಲಿ ಹಣ ತೆಗೆದುಕೊಂಡು ಮಕ್ಕಳನ್ನು ಇಟ್ಟುಕೊಳ್ಳುವ ಒಂದು ಮನೆ ಗೊತ್ತುಮಾಡಿದರು. ಲಾರ್ನ್ ಲಾಡ್ಜ್ ಅಂತ ಹೆಸರು. ಯಜಮಾನ ಕ್ಯಾಪ್ಟನ್ ಹಾಲೊವೇ, ಅವನ ಹೆಂಡತಿ ಸಾರಾ, ಅವರಿಗೊಬ್ಬ ಮಗ. ಇನ್ನೂ ಆರು ತುಂಬದ ರಡ್ಯರ್ಡ್, ಮೂರೂವರೆ ವರ್ಷದ ತಂಗಿ ಟ್ರಿಕ್ಸ್; ಇಬ್ಬರನ್ನೂ ಅಲ್ಲಿ ಬಿಟ್ಟು ತಂದೆತಾಯಿ ಭಾರತಕ್ಕೆ ಹಿಂತಿರುಗಿದರು. ಹೋಗುತ್ತೇವೆ ಅಂತ ಮಕ್ಕಳಿಗೆ ಹೇಳಲಿಲ್ಲ. ಹೇಳಿದರೆ ಅಳುತ್ತಾವೆ, ಹೇಳದೆ ಹೋಗುವುದೇ ವಾಸಿ ಎಂದು ಆಗಿನವರ ತಿಳಿವಳಿಕೆ. ಒಂದು ಬೆಳಿಗ್ಗೆ ಎದ್ದು ನೋಡಿದರೆ ಅಪ್ಪ ಇಲ್ಲ, ಅಮ್ಮ ಇಲ್ಲ. ತಾಯಿ ಮತ್ತೆ ಬಂದದ್ದು 1877ರ ವಸಂತದಲ್ಲಿ. ಅಂದರೆ ಐದು ವರ್ಷಕ್ಕೂ ಮೇಲೆ.

ಕ್ಯಾಪ್ಟನ್ ಒಳ್ಳೆಯ ಮನುಷ್ಯ. ಹಳೇ ಹಡಗಿನವನು, ಹುಡುಗನನ್ನು ಬಂದರಿನ ಕಡೆ ತಿರುಗಾಡಿಸುತ್ತಿದ್ದ. ಆದರೆ 1874ರಲ್ಲಿ ಅವನು ಸತ್ತ. ಆಮೇಲೆ ಉಳಿದವಳು ಹೆಂಡತಿ. ಆಕೆಯದು ಕಟ್ಟಾ ಧರ್ಮಶ್ರದ್ಧೆ. ನರಕ ಎಂಬುದನ್ನು ಹುಡುಗ ಮೊದಲು ಕೇಳಿದ್ದೇ ಆ ಮನೆಯಲ್ಲಿ, ಅದೂ ತಾನು ಹೋಗಲಿರುವ ಜಾಗ ಅಂತ. ಹೊಡೆತ ದಿನದ ಮಾತಾಯಿತು. ಹೊಡೆತಕ್ಕಿಂತ ಕೆಟ್ಟದ್ದು ವಿಚಾರಣೆ. ಇವತ್ತು ಏನೇನು ಮಾಡಿದೆ ಅಂತ ಏಳೆಂಟು ವರ್ಷದ, ನಿದ್ದೆಗಣ್ಣಿನ ಹುಡುಗನನ್ನು ನಿಲ್ಲಿಸಿ ತಿರುತಿರುಗಿ ಕೇಳುವುದು. ಒಂದು ಮಾತಿಗೂ ಇನ್ನೊಂದು ಮಾತಿಗೂ ತಾಳೆ ಬೀಳದಿದ್ದರೆ ಅದನ್ನೇ ಸುಳ್ಳು ಎಂದು ಹಿಡಿಯುವುದು. ಬೆಳಗಿನ ತಿಂಡಿಯ ಹೊತ್ತಿಗೆ ಅದರ ಪ್ರಸ್ತಾಪ ಮತ್ತೆ ಎಲ್ಲರೆದುರಿಗೆ. ಇದರಲ್ಲಿ ಆ ಮನೆಯ ಮಗನೂ ಕೈಜೋಡಿಸಿದ. ಇಬ್ಬರೂ ಮಲಗುತ್ತಿದ್ದುದು ಒಂದೇ ಕೋಣೆಯಲ್ಲಿ. ಹಗಲು ತಾಯಿಯದು, ರಾತ್ರಿ ಮಗನದು.

ಹುಡುಗನಿಗೆ ಓದು ಬಂದದ್ದು ತಡವಾಗಿ. ಬಂದಮೇಲೆ ಅದೊಂದೇ ಆಸರೆ. ಅದು ಗೊತ್ತಾದ ಕೂಡಲೇ ಪುಸ್ತಕ ಕಿತ್ತುಕೊಳ್ಳುವುದೂ ಶಿಕ್ಷೆಯ ಪಟ್ಟಿಗೆ ಸೇರಿತು. ಆಗ ಕದ್ದು, ಮಂಕು ಬೆಳಕಿನಲ್ಲಿ ಓದತೊಡಗಿದ. ಕಣ್ಣು ಮೊದಲೇ ಮಂದ, ಅದು ಯಾರಿಗೂ ತಿಳಿದಿರಲಿಲ್ಲ. ಶಾಲೆಯಲ್ಲಿ ಬೋರ್ಡು ಕಾಣದೆ ಹಿಂದೆ ಬಿದ್ದ, ರಿಪೋರ್ಟು ಕೆಟ್ಟಿತು. ಹೆದರಿ ಅದನ್ನು ಎಸೆದು, ಬಂದಿಲ್ಲ ಅಂತ ಹೇಳಿ, ಸಿಕ್ಕಿಬಿದ್ದ. ಸುಳ್ಳುಗಾರ ಎಂದು ಬರೆದ ಹಲಗೆಯನ್ನು ಬೆನ್ನಿಗೆ ಕಟ್ಟಿಸಿಕೊಂಡು ಬೀದಿಯಲ್ಲಿ ಶಾಲೆಗೆ ಹೋಗಬೇಕಾಯಿತು ಎಂದು ಅವನು ಮುದಿವಯಸ್ಸಿನಲ್ಲಿ ಬರೆದಿದ್ದಾನೆ. ಡಿಕನ್ಸನ ಡೇವಿಡ್ ಕಾಪರ್‌ಫೀಲ್ಡನ ಬೆನ್ನ ಮೇಲೂ ಇಂಥದೇ ಹಲಗೆ ಇರುವುದರಿಂದ ಇದು ನಿಜವೋ ಓದಿದ ನೆನಪೋ ಎಂದು ಕೆಲವರು ಸಂಶಯಪಟ್ಟಿದ್ದಾರೆ. ಸಂಶಯಪಡಲಿ. ತಂಗಿ ಟ್ರಿಕ್ಸ್ ತಾನೂ ಮುಪ್ಪಿನಲ್ಲಿ ಆ ಮನೆಯ ನೆನಪುಗಳನ್ನು ಬರೆದಳು. ಆ ಮನೆ ಎಂಥದೆಂಬ ವಿಷಯದಲ್ಲಿ ಅಣ್ಣನದೂ ತಂಗಿಯದೂ ಒಂದೇ ಮಾತು.

ಟ್ರಿಕ್ಸಳ ಕತೆಯನ್ನು ಇಲ್ಲಿ ಬಿಡುವಂತಿಲ್ಲ. ಆಕೆಗೆ ಅಲ್ಲಿ ಏಟು ಬೀಳಲಿಲ್ಲ. ಹೆಣ್ಣುಮಗು ಬೇಕೆಂದಿದ್ದ ಹಾಲೊವೇ ಬಾಯಿ ಇವಳನ್ನು ಮುದ್ದಿನಿಂದಲೇ ಸಾಕಿದಳು. ಆದರೆ ಆ ಮುದ್ದಿನ ಬೆಲೆ ಏನು? ಅಣ್ಣ ಕೆಟ್ಟವನು ಅಂತ ಒಪ್ಪಬೇಕು. ಮೂರು ನಾಲ್ಕು ವರ್ಷದ ಕೂಸು ಅದಕ್ಕೆ ಒಪ್ಪಲಿಲ್ಲ, ಅಣ್ಣನ ಪಕ್ಷ ಬಿಡಲಿಲ್ಲ. ಹೊಡೆಸಿಕೊಂಡವನ ಪಾಡು ನಮಗೆ ಕಾಣಿಸುತ್ತದೆ. ಹೊಡೆಯುವುದನ್ನು ಐದು ವರ್ಷ ನೋಡಿಕೊಂಡು ನಿಂತವಳದು ಅಷ್ಟಾಗಿ ಕಾಣುವುದಿಲ್ಲ. 1898ರಲ್ಲಿ, ಮೂವತ್ತರ ವಯಸ್ಸಿನಲ್ಲಿ, ಆಕೆಯ ಬುದ್ಧಿ ಕದಡಿತು. ಮುಂದೆ ಎಷ್ಟೋ ವರ್ಷ ಬಿಟ್ಟು ಬಿಟ್ಟು ಕಾಡಿತು. ಅದಕ್ಕೆ ಆ ಮನೆಯೇ ಕಾರಣ ಅಂತ ಹೇಳಲಾಗದು. ಇಷ್ಟೇ ಅಂದೇನು, ಆ ಮನೆಯಿಂದ ಪೆಟ್ಟಿಲ್ಲದೆ ಹೊರಬಂದವರು ಯಾರೂ ಇಲ್ಲ.

ನೆಲಮಾಳಿಗೆಯಲ್ಲಿ ಬೂಸಲು ಹಿಡಿದ ಒಂದು ಕೋಣೆಯಿತ್ತು. ಅಲ್ಲಿ ಹುಡುಗ ಒಬ್ಬನೇ ಆಡುತ್ತಿದ್ದ ಆಟವನ್ನು ಅವನೇ ವರ್ಣಿಸಿದ್ದಾನೆ. ಕೆಂಪು ದಾರಕ್ಕೆ ಕಟ್ಟಿದ ಒಂದು ತೆಂಗಿನ ಕರಟ, ಒಂದು ತಗಡಿನ ಟ್ರಂಕು, ಹಳೇ ಪೆಟ್ಟಿಗೆಯ ಒಂದು ಹಲಗೆ. ಇವನು ರಾಬಿನ್ಸನ್ ಕ್ರೂಸೋ, ಕಾಡುಜನರ ಜೊತೆ ವ್ಯಾಪಾರ. ಹಲಗೆ ಯಾತಕ್ಕೆಂದರೆ ಅದು ಬೇಲಿ: ಬೇಲಿಯ ಒಳಗೆ ಇರುವುದೆಲ್ಲ ತನ್ನದು, ಹೊರಗಿನ ಲೋಕ ಒಳಗೆ ಬರಕೂಡದು. ಹಲಗೆ ಬಿದ್ದರೆ ಮಂತ್ರ ಕೆಟ್ಟ ಹಾಗೆ. ಮತ್ತೆ ಮೊದಲಿನಿಂದ ಶುರುಮಾಡಬೇಕು. ಈ ಬೇಲಿಯನ್ನು ನಾವು ನೆನಪಿನಲ್ಲಿ ಇಟ್ಟುಕೊಂಡಿರೋಣ.

ವರ್ಷಕ್ಕೊಂದು ತಿಂಗಳು, ಡಿಸೆಂಬರಿನಲ್ಲಿ, ಬಿಡುಗಡೆ. ಲಂಡನ್ನಿನಲ್ಲಿ ಚಿಕ್ಕಮ್ಮ ಜಾರ್ಜಿಯಾನಾ ಇದ್ದಳು. ಆಕೆಯ ಗಂಡ ಎಡ್ವರ್ಡ್ ಬರ್ನ್-ಜೋನ್ಸ್ ಹೆಸರಾಂತ ಚಿತ್ರಕಾರ. ಮನೆ ತುಂಬ ಬಣ್ಣ, ಆಟ, ಮುದ್ದು. ಹುಡುಗ ಎಳೆದು ಬಾರಿಸುತ್ತಿದ್ದ ಆ ಮನೆಬಾಗಿಲಿನ ಗಂಟೆಯ ಕಬ್ಬಿಣದ ಹಿಡಿಯನ್ನು ಅವನು ದೊಡ್ಡವನಾದ ಮೇಲೆ ಕೇಳಿ ಪಡೆದು ತನ್ನ ಮನೆಯ ಬಾಗಿಲಿಗೆ ಹಾಕಿಸಿಕೊಂಡ. ಹಾಗಾದರೆ ಚಿಕ್ಕಮ್ಮನಿಗೆ ಯಾಕೆ ಹೇಳಲಿಲ್ಲ? ಆಕೆ ಆಮೇಲೆ ಎಷ್ಟೋ ಸಲ ಇದನ್ನೇ ಕೇಳಿದಳಂತೆ. ಇದಕ್ಕೆ ಅವನ ಸಮಾಧಾನ ಇದು: ಮಕ್ಕಳು ಪ್ರಾಣಿಗಳ ಹಾಗೆ, ಬಂದದ್ದನ್ನು ಹೀಗೇ ಇರಬೇಕು ಅಂತ ತಿಳಿದುಕೊಳ್ಳುತ್ತವೆ, ಅಲ್ಲದೆ, ಹೇಳಿ ಮತ್ತೆ ಅದೇ ಮನೆಗೆ ಹೋಗಬೇಕಾದರೆ ಏನಾದೀತೆಂಬುದೂ ಅವಕ್ಕೆ ಗೊತ್ತಿರುತ್ತದೆ. ಅಜ್ಜಿ ಮತ್ತು ಚಿಕ್ಕಮ್ಮಂದಿರು ಸೌತ್‌ಸೀಗೆ ಬಂದು ನೋಡಿಕೊಂಡು ಹೋದದ್ದೂ ಉಂಟು. ಅವರಿಗೆ ಎಲ್ಲ ಸರಿಯಾಗಿಯೇ ಕಂಡಿತು. ಇದರಿಂದಲೇ ಹಾಲೊವೇ ಬಾಯಿ ಅಷ್ಟೇನೂ ಕೆಟ್ಟವಳಲ್ಲ ಅಂತ ವಾದಿಸುವವರು ಇದ್ದಾರೆ. ನೆಂಟರು ಬಂದಾಗ ಯಾರ ಮನೆ ತಾನೇ ಸರಿಯಾಗಿ ಕಾಣುವುದಿಲ್ಲ?

ಕೊನೆಗೆ ಹುಡುಗನಿಗೆ ಇಲ್ಲದ್ದೆಲ್ಲ ಕಾಣತೊಡಗಿತು, ನೆರಳುಗಳು ಬೆದರಿಸತೊಡಗಿದವು. ಪರೀಕ್ಷೆ ಮಾಡಿದ ಡಾಕ್ಟರು ಅರ್ಧ ಕುರುಡು ಎಂದರು. ಸುದ್ದಿ ಮುಟ್ಟಿ ತಾಯಿ ಓಡಿಬಂದಳು. ಆ ರಾತ್ರಿ ಮಲಗಿದ್ದ ಮಗನಿಗೆ ಮುತ್ತು ಕೊಡಲೆಂದು ಆಲಿಸ್ ಬಾಗಿದಾಗ, ಅವನು ತಟಕ್ಕನೆ ಕೈ ಎತ್ತಿ ಮುಖಕ್ಕೆ ಅಡ್ಡ ಹಿಡಿದ. ಏಟು ಬೀಳುತ್ತದೆ ಎಂಬ ಅಭ್ಯಾಸ. ಹನ್ನೊಂದು ವರ್ಷದ ಮಗ ಏನೂ ಹೇಳಬೇಕಾಗಿ ಬರಲಿಲ್ಲ. ಐದು ವರ್ಷದ ಕಾಗದಗಳಲ್ಲಿ ಗೊತ್ತಾಗದ್ದು ಆ ಕೈಯಿಂದ ಗೊತ್ತಾಯಿತು.

ಆಶ್ಚರ್ಯವೆಂದರೆ, ಇಷ್ಟಾದ ಮೇಲೂ ಸ್ವಲ್ಪ ಕಾಲದ ನಂತರ ಟ್ರಿಕ್ಸಳನ್ನು ಮತ್ತೆ ಅದೇ ಲಾರ್ನ್ ಲಾಡ್ಜಿಗೆ ಕಳಿಸಿದರು! ಹುಡುಗನಿಗೆ ಮಾತ್ರ ಕನ್ನಡಕ ಬಂತು, ಒಂದು ಬೇಸಿಗೆ ಕಾಡಿನಂಚಿನ ರೈತರ ಮನೆಯಲ್ಲಿ ಮನಸೋ ಇಚ್ಛೆ ಅಲೆದ, 1878ರಲ್ಲಿ ಡೆವನ್ನಿನ ವೆಸ್ಟ್‌ವರ್ಡ್ ಹೋ ಎಂಬಲ್ಲಿ ಸೈನ್ಯಾಧಿಕಾರಿಗಳ ಮಕ್ಕಳ ಶಾಲೆಗೆ ಸೇರಿದ. ಅಲ್ಲೂ ಮೊದಮೊದಲು ದೊಡ್ಡ ಹುಡುಗರ ಕಾಟ ಇತ್ತು. ಆದರೆ ಅಲ್ಲಿ ಗೆಳೆಯರಿದ್ದರು, ಪುಸ್ತಕವಿತ್ತು. 1882ರ ಅಕ್ಟೋಬರಿನಲ್ಲಿ, ಹದಿನೇಳು ತುಂಬುವ ಮುಂಚೆ, ಮುಂಬಯಿಗೆ ಹಡಗಿನಲ್ಲಿ ಬಂದಿಳಿದ. ಮರೆತೇಹೋಗಿದ್ದ ಹಿಂದುಸ್ತಾನಿ ಮಾತುಗಳು ಅರ್ಥ ನೆನಪಾಗುವ ಮುಂಚೆಯೇ ಬಾಯಿಂದ ಬರತೊಡಗಿದವು. ಅಲ್ಲಿಂದ ಲಾಹೋರಿಗೆ, ಸಿವಿಲ್ ಅಂಡ್ ಮಿಲಿಟರಿ ಗೆಜೆಟ್ ಪತ್ರಿಕೆಯ ಕೆಲಸಕ್ಕೆ. ಮುಂದಿನದು ಎಲ್ಲರಿಗೂ ಗೊತ್ತಿರುವ ಕತೆ: 1888ರಲ್ಲಿ ಮೊದಲ ಕಥಾಸಂಗ್ರಹ, 1894ರಲ್ಲಿ ‘ಜಂಗಲ್ ಬುಕ್’, 1901ರಲ್ಲಿ ‘ಕಿಮ್’, 1907ರಲ್ಲಿ ನೊಬೆಲ್. ಆಗ ಅವನಿಗೆ 41 ವರ್ಷ. ಸಾಹಿತ್ಯದಲ್ಲಿ ಅಷ್ಟು ಚಿಕ್ಕ ವಯಸ್ಸಿಗೆ ಆ ಬಹುಮಾನ ಪಡೆದವರು ಇನ್ನೊಬ್ಬರಿಲ್ಲ.

ಸೌತ್‌ಸೀಯಿಂದ ತನಗೆ ಲಾಭವಾಯಿತೆಂದು ಕಿಪ್ಲಿಂಗ್ ಸ್ವತಃ ನಂಬಿದ್ದ. ಮಾತಿಗೂ ನಡತೆಗೂ ತಾಳೆಯಿದೆಯೇ ಎಂದು ನೋಡುವುದು, ಎದುರಿನವರ ಸಿಟ್ಟು ಏರುವುದಕ್ಕೆ ಮುಂಚೆ ಅದನ್ನು ಹಿಡಿಯುವುದು, ತಾನು ಹೇಳುವ ಸುಳ್ಳು ನಿಜದ ಹಾಗೆ ಕೇಳಿಸುವಂತೆ ಹೊಂದಿಸುವುದು ಎಲ್ಲಾ ಅಲ್ಲೇ ಕಲಿತದ್ದು, ಕತೆಗಾರನಿಗೆ ಇದಕ್ಕಿಂತ ಏನು ಬೇಕು ಎಂಬ ಅರ್ಥದಲ್ಲಿ ಬರೆದ. ಈಗಿನ ಮನಶ್ಶಾಸ್ತ್ರಜ್ಞರು ಇದನ್ನು ಅರ್ಧ ಒಪ್ಪುತ್ತಾರೆ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಸೆತ್ ಪೊಲ್ಲಾಕ್ ಎಂಬವರೂ ಅವರ ಸಂಗಡಿಗರೂ 2000ದ ಆಸುಪಾಸಿನಲ್ಲಿ ಪ್ರಯೋಗಗಳನ್ನು ಮಾಡಿದರು. ಒಂದು ಭಾವದಿಂದ ಇನ್ನೊಂದು ಭಾವಕ್ಕೆ ಸ್ವಲ್ಪ ಸ್ವಲ್ಪವಾಗಿ ಬದಲಾಗುವ ಮುಖಗಳ ಚಿತ್ರಗಳನ್ನು ಮಕ್ಕಳಿಗೆ ತೋರಿಸಿದರು. ಮನೆಯಲ್ಲಿ ಹೊಡೆತ ತಿಂದ ಮಕ್ಕಳು ಕೋಪವನ್ನು ಬಹಳ ಬೇಗ ಗುರುತಿಸಿದವು. ಬೇರೆ ಮಕ್ಕಳಿಗೆ ಅಂಜಿಕೆಯೋ ದುಃಖವೋ ಆಗಿ ಕಂಡ ಬೆರಕೆ ಮುಖವೂ ಇವಕ್ಕೆ ಕೋಪದ ಮುಖವೇ ಆಯಿತು. ಯಾರೂ ಕೇಳುವವರಿಲ್ಲದೆ ಬೆಳೆದ ಮಕ್ಕಳಿಗಂತೂ ಒಂದು ಭಾವವನ್ನು ಇನ್ನೊಂದರಿಂದ ಬೇರೆಮಾಡುವುದೇ ಕಷ್ಟವಾಯಿತು. ಅಂದರೆ ಭಯದಿಂದ ಕಲಿತ ಕಣ್ಣು ಚುರುಕೇನೋ ಹೌದು, ಆದರೆ ಅದು ಮೊದಲು ಹುಡುಕುವುದು ಏಟು ಎಲ್ಲಿಂದ ಬರುತ್ತದೆ ಎಂದು. ಎದುರಿನವನಿಗೆ ಏನಾಗುತ್ತಿದೆ ಎಂಬುದು ಆಮೇಲಿನ ಪ್ರಶ್ನೆ. ಒಬ್ಬನ ಬಾಳನ್ನು ಪ್ರಯೋಗದ ಅಳತೆಗೋಲಿನಿಂದ ಅಳೆಯುವುದು ಸರಿಯಲ್ಲ ನಿಜ. ಆದರೂ ಇದನ್ನು ಮನಸ್ಸಿನಲ್ಲಿಟ್ಟು ಕಿಪ್ಲಿಂಗನನ್ನು ಓದಿದರೆ ಕೆಲವು ಗಂಟು ಬಿಚ್ಚಿಕೊಳ್ಳುತ್ತವೆ.

ಮಕ್ಕಳ ಪಕ್ಕದಲ್ಲಿ ನಿಂತಾಗ ಅವನಿಗೆ ಸಾಟಿಯಿಲ್ಲ. ಮುಹಮ್ಮದ್ ದೀನ್ ಎಂಬ ಖಿದ್ಮತ್‌ಗಾರನ ಪುಟ್ಟ ಮಗನ ಕತೆ ಓದಿ. ದೊರೆಯ ತೋಟದಲ್ಲಿ ಧೂಳು, ಚಿಪ್ಪು, ಬಾಡಿದ ಹೂವುಗಳಿಂದ ಅರಮನೆ ಕಟ್ಟುವ ಹುಡುಗ, ಒಂದು ವಾರದ ಜ್ವರದಲ್ಲಿ ಹೋಗಿಬಿಡುತ್ತಾನೆ. ನಾಲ್ಕೈದು ಪುಟ, ಒಂದು ಮಾತೂ ಹೆಚ್ಚಿಲ್ಲ. ಆ ಧೂಳಿನ ಅರಮನೆಗೂ ಕರಟ-ಟ್ರಂಕಿನ ಆಟಕ್ಕೂ ನೆಂಟಸ್ತಿಕೆ ಇದೆಯೆಂದು ನನಗೆ ಅನ್ನಿಸುತ್ತದೆ. ಇನ್ನು ಮೌಗ್ಲಿ. ಕಾಡು ಅವನನ್ನು ಹೊರಗೆ ಹಾಕುತ್ತದೆ, ಊರೂ ಹೊರಗೆ ಹಾಕುತ್ತದೆ. ಗುರು ಬಲೂ ಕರಡಿ ಪಾಠ ಕಲಿಸುವಾಗ ಹೊಡೆಯುತ್ತಾನೆ. ಮಂಗಗಳ ಸಹವಾಸ ಮಾಡಿದ ತಪ್ಪಿಗೆ ಬಘೀರನೂ ನಾಲ್ಕು ಬಿಗಿಯುತ್ತಾನೆ. ಹುಡುಗ ಮಾತಿಲ್ಲದೆ ಎದ್ದು ನಿಲ್ಲುತ್ತಾನೆ. ಏಟು ಬಿದ್ದ ಮೇಲೆ ಲೆಕ್ಕ ಚುಕ್ತಾ, ಆಮೇಲೆ ಅದನ್ನು ಎತ್ತಿ ಆಡುವಂತಿಲ್ಲ ಎಂಬುದು ಆ ಕಾಡಿನ ನ್ಯಾಯದ ಸೊಗಸು ಅಂತ ಕಿಪ್ಲಿಂಗ್ ಹೇಳುತ್ತಾನೆ. ಮೊದಲ ಸಲ ಓದಿದಾಗ ನಕ್ಕು ಮುಂದೆ ಹೋಗುತ್ತೇವೆ. ಸೌತ್‌ಸೀಯ ತಿಂಡಿಯ ಮೇಜಿನ ವಿಚಾರಣೆ ಗೊತ್ತಾದ ಮೇಲೆ ನಗು ಬರುವುದಿಲ್ಲ. ಹೊಡೆತವೇ ಇಲ್ಲದ ಲೋಕ ಅವನ ಕಲ್ಪನೆಗೆ ಬರಲಿಲ್ಲ. ಬಂದದ್ದು ಹೊಡೆದು ಸುಮ್ಮನಾಗುವ ಲೋಕ.

ತನ್ನ ಬಾಲ್ಯದ ಬಗ್ಗೆ ಅವನು ಮೊದಲು ಬರೆದದ್ದು 1888ರಲ್ಲಿ, ಅಲಹಾಬಾದಿನಲ್ಲಿ ಗೆಳೆಯರ ಮನೆಯಲ್ಲಿದ್ದಾಗ. ‘ಬಾ ಬಾ ಬ್ಲ್ಯಾಕ್ ಶೀಪ್’ ಎಂಬ ಕತೆ. ಬರೆಯುವಾಗ ಅವನ ಸಂಕಟ ಸಿಟ್ಟುಗಳನ್ನು ನೋಡಲಾಗುತ್ತಿರಲಿಲ್ಲ ಎಂದು ಆ ಮನೆಯಾಕೆ ನೆನೆದಿದ್ದಾಳೆ. ದ್ವೇಷ, ಅನುಮಾನ, ಹತಾಶೆಗಳನ್ನು ಅಷ್ಟು ಆಳಕ್ಕೆ ಕುಡಿದ ಎಳೆಯ ಬಾಯಿಗೆ ಆಮೇಲೆ ಎಷ್ಟು ಪ್ರೀತಿ ಕೊಟ್ಟರೂ ಆ ಕಹಿ ಪೂರ್ತಿ ಹೋಗುವುದಿಲ್ಲ ಎಂಬ ಧ್ವನಿಯಲ್ಲಿ ಆ ಕತೆ ಮುಗಿಯುತ್ತದೆ. ಆಗ ಅವನಿಗೆ 22 ವರ್ಷ. ಮುದುಕನಾದ ಮೇಲೆ ಮಾತು ತಿರುಗಿಸಿದ. ಆ ಮನೆ ತನ್ನಲ್ಲಿದ್ದ ದ್ವೇಷವನ್ನೆಲ್ಲ ಬಸಿದುಹಾಕಿತು, ಆಮೇಲೆ ಯಾರನ್ನೂ ದ್ವೇಷಿಸಲು ತನ್ನಿಂದ ಆಗಲಿಲ್ಲ ಎಂದ.

ಇಪ್ಪತ್ತೆರಡರ ಹುಡುಗ ಹೇಳಿದ್ದೇ ಸರಿ, ಎಪ್ಪತ್ತರ ಮುದುಕನದಲ್ಲ. ಹಾಗೆ ಹೇಳಲು ಆಧಾರವಿದೆ. 1890ರ ಒಂದು ಕತೆಯಲ್ಲಿ ಗಡಿಜಿಲ್ಲೆಯ ಅಧಿಕಾರಿಯಾಗಿ ನೇಮಕವಾದ ಬಂಗಾಳಿಯನ್ನು ಹೇಡಿಯೆಂದು ಚಿತ್ರಿಸಿ ಅವನು ಪಡುವ ಖುಷಿ ನೋಡಬೇಕು. ಸಿಪಾಯಿ, ಫಕೀರ, ಆಯಾ, ಕುದುರೆ ವ್ಯಾಪಾರಿ ಇವರೆಲ್ಲ ಅವನ ಬೇಲಿಯ ಒಳಗಿನವರು; ಅವರ ಒಂದೊಂದು ಮಾತಿನ ವರಸೆಯೂ ಅವನಿಗೆ ಗೊತ್ತು. ಓದಿ, ಎದುರು ನಿಂತು, ನಮ್ಮ ನ್ಯಾಯ ನಮಗೆ ಕೊಡಿ ಎಂದವನು ಹೊರಗಿನವ. 1919ರ ಏಪ್ರಿಲ್ 13ರಂದು ಅಮೃತಸರದ ಜಲಿಯನ್‌ವಾಲಾ ಬಾಗಿನಲ್ಲಿ ಡಯರ್ ಗುಂಡು ಹಾರಿಸಿದ. ಸರಕಾರದ ಲೆಕ್ಕದಲ್ಲೇ ಸತ್ತವರು 379, ಅವರಲ್ಲಿ ಮಕ್ಕಳೂ ಇದ್ದರು. ಕಿಪ್ಲಿಂಗ್ ಐದು ವರ್ಷ ಕೆಲಸ ಮಾಡಿದ ಲಾಹೋರಿಗೂ ಅಮೃತಸರಕ್ಕೂ ಎಷ್ಟು ದೂರ? ಮುಂಬಯಿಯಿಂದ ಕಲ್ಯಾಣಕ್ಕೆ ಹೋದಷ್ಟು. ಮರುವರ್ಷ ಮಾರ್ನಿಂಗ್ ಪೋಸ್ಟ್ ಪತ್ರಿಕೆ ಡಯರನಿಗಾಗಿ ನಿಧಿ ಕೂಡಿಸಿದಾಗ ಕಿಪ್ಲಿಂಗ್ ಹತ್ತು ಪೌಂಡು ಕೊಟ್ಟ. ಗೋಡೆಗೆ ಒತ್ತಿಕೊಂಡು ಏಟಿಗೆ ಕೈ ಅಡ್ಡ ಹಿಡಿದವರು ಆ ಬಾಗಿನಲ್ಲಿ ಎಷ್ಟು ಜನವೋ. ಸೌತ್‌ಸೀಯ ಆ ಹುಡುಗನಿಗೆ ಅದು ಕಾಣಲಿಲ್ಲ.

ನೋವು ತಿಂದವನಿಗೆ ಪರರ ನೋವು ತಿಳಿಯುತ್ತದೆ ಅನ್ನುವುದು ನಮ್ಮಲ್ಲಿ ಹಳೇ ನಂಬಿಕೆ. ತಿಳಿಯುತ್ತದೆ, ಸರಿ. ತಿಳಿದ ಮೇಲೆ ಮರುಗುತ್ತಾನೋ ಇಲ್ಲವೋ ಎಂಬುದು ಬೇರೆ ಸಂಗತಿ. 1915ರಲ್ಲಿ ಅವನು ಬರೆದ ‘ಮೇರಿ ಪೋಸ್ಟ್‌ಗೇಟ್’ ಕತೆಯಲ್ಲಿ, ವಿಮಾನದಿಂದ ಬಿದ್ದು ನರಳುತ್ತಿರುವ ಶತ್ರುಸೈನಿಕನನ್ನು ಮರ್ಯಾದಸ್ಥ ಇಂಗ್ಲಿಷ್ ಹೆಂಗಸೊಬ್ಬಳು ನೋಡುತ್ತಾ ನಿಲ್ಲುತ್ತಾಳೆ, ಸಾಯುವವರೆಗೆ. ಅವಳ ಮನಸ್ಸಿನ ಒಂದೊಂದು ಎಳೆಯನ್ನೂ ಕಿಪ್ಲಿಂಗ್ ಬಿಡಿಸಿಟ್ಟಿದ್ದಾನೆ. ಅವನು ಅವಳ ಕಡೆಗೋ, ಅವಳ ಎದುರಿಗೋ ಎಂದು ಇವತ್ತಿಗೂ ಓದುಗರು ಜಗಳವಾಡುತ್ತಾರೆ.

ಆ ಕತೆ ಬರೆದ ವರ್ಷವೇ ಅವನ ಮಗ ಸತ್ತದ್ದು. ಕಿಪ್ಲಿಂಗ್ ತನ್ನ ಮಕ್ಕಳಿಗೆ ಅಕ್ಕರೆಯ ತಂದೆ. ಮಗನಿಗೆ ಬರೆದ ಕಾಗದಗಳಲ್ಲಿ ತಮಾಷೆಯೇ ತಮಾಷೆ. ಆದರೆ ಮಹಾಯುದ್ಧ ಬಂದಾಗ, ತನ್ನಂತೆಯೇ ಕಣ್ಣು ಮಂದವಾಗಿ ಸೈನ್ಯಕ್ಕೆ ಬೇಡವಾಗಿದ್ದ ಮಗ ಜಾನ್‌ನನ್ನು, ಹಳೇ ಪರಿಚಯದ ಲಾರ್ಡ್ ರಾಬರ್ಟ್ಸನ ವಶೀಲಿ ಹಚ್ಚಿ ಐರಿಷ್ ಗಾರ್ಡ್ಸ್ ದಳಕ್ಕೆ ಸೇರಿಸಿದ. ಹುಡುಗನಿಗೂ ಹೋಗುವ ಹುಮ್ಮಸ್ಸಿತ್ತು ಅನ್ನಿ. ಹದಿನೆಂಟು ತುಂಬಿ ಆರು ವಾರಕ್ಕೆ, ಸೆಪ್ಟೆಂಬರ್ 27ರಂದು, ಫ್ರಾನ್ಸಿನ ಲೂಸ್ ಎಂಬಲ್ಲಿ ಕಾಣೆಯಾದ. ತಂದೆತಾಯಿ ವರ್ಷಗಟ್ಟಲೆ ಆಸ್ಪತ್ರೆಗಳಿಗೆ ಅಲೆದರು, ಗಾಯಾಳು ಸಿಪಾಯಿಗಳನ್ನು ಕೇಳಿದರು. ಅವರು ಬದುಕಿರುವವರೆಗೆ ಹೆಣ ಗುರುತಾಗಲಿಲ್ಲ.

ಆಮೇಲೆ ಕಿಪ್ಲಿಂಗ್ ಯುದ್ಧದಲ್ಲಿ ಸತ್ತವರ ಸಮಾಧಿಗಳನ್ನು ನೋಡಿಕೊಳ್ಳುವ ಆಯೋಗದಲ್ಲಿ ಕೊನೆಯವರೆಗೂ ದುಡಿದ. ಹೆಸರು ಗೊತ್ತಿಲ್ಲದವರ ಕಲ್ಲಿನ ಮೇಲೆ ಬರೆಯುವ ಮಾತು ಅವನೇ ಹೊಂದಿಸಿದ್ದು. ಫ್ರಾನ್ಸಿನಲ್ಲಿ ಮಡಿದ ಭಾರತೀಯ ಸಿಪಾಯಿಗಳಿಗೆ ನ್ಯೂವ್ ಶಪೆಲ್‌ನಲ್ಲಿ ಸ್ಮಾರಕ ಎದ್ದಾಗ, 1927ರಲ್ಲಿ, ಅಲ್ಲಿಗೂ ಹೋದ. ಸತ್ತ ಸಿಪಾಯಿಗೆ ಅವನ ಮರುಕದಲ್ಲಿ ಕೊರತೆಯಿಲ್ಲ. 1925ರಲ್ಲಿ ಬರೆದ ‘ದಿ ಗಾರ್ಡನರ್’ ಎಂಬ ಕತೆ, ಮಗನನ್ನು ಮಗ ಎನ್ನಲಾರದೆ ಊರಿಗೆಲ್ಲ ಅಣ್ಣನ ಮಗ ಎಂದು ಹೇಳಿಕೊಂಡು ಬಾಳಿದ ಒಬ್ಬಾಕೆ ಅವನ ಗೋರಿ ಹುಡುಕಿಕೊಂಡು ಹೋಗುವ ಕತೆ. ನನ್ನ ಮಟ್ಟಿಗೆ ಅವನ ಕತೆಗಳಲ್ಲೆಲ್ಲ ಅದೇ ಮಿಗಿಲು. ನೊಬೆಲ್ ಬಂದು ಹದಿನೆಂಟು ವರ್ಷದ ಮೇಲೆ ಬರೆದದ್ದು ಅದು.

1935ರಲ್ಲಿ, ಹೊಟ್ಟೆಯ ಹುಣ್ಣಿನಿಂದ ಬಳಲುತ್ತಾ, ಅವನು ಆತ್ಮಕತೆ ಬರೆಯಲು ಕುಳಿತ. 1936ರ ಜನವರಿ 18ರಂದು ತೀರಿಕೊಂಡ. ಪುಸ್ತಕ ಬೆಳಕು ಕಂಡದ್ದು 1937ರಲ್ಲಿ. ಮುಂಬಯಿಯ ಮುಂಜಾವಿನ ಬಣ್ಣದಿಂದ ಶುರುವಾಗುವ ಮೊದಲ ಅಧ್ಯಾಯದಲ್ಲಿ ಸೌತ್‌ಸೀಯ ಮನೆ ಅರವತ್ತು ವರ್ಷದ ಮೇಲೂ ಕರಟ, ಟ್ರಂಕು, ಹಲಗೆಗಳ ಸಮೇತ ಹಾಗೇ ಇದೆ. ಮೊದಲ ಮಗಳು ಜೋಸೆಫೀನ್ 1899ರಲ್ಲಿ, ಆರು ವರ್ಷದವಳು, ನ್ಯೂಯಾರ್ಕಿನಲ್ಲಿ ನ್ಯುಮೋನಿಯಾದಿಂದ ತೀರಿಕೊಂಡಳು. ಆಕೆ ಹುಟ್ಟಿದ ರಾತ್ರಿಯ ಹಿಮ ಪುಸ್ತಕದಲ್ಲಿದೆ. ಜಾನ್ ಹುಟ್ಟಿದ ಆಗಸ್ಟಿನ ಸೆಕೆಯೂ ಇದೆ. ಇಬ್ಬರ ಸಾವಿನ ಬಗ್ಗೆ ಒಂದು ಸಾಲೂ ಇಲ್ಲ.